ಕಾರ್ಡಿನ ಸಾಲಕ್ಕೆ ಸಾಕ್ಷಿ ಯಾರು?

ನಮ್ಮ ಹಿರಿಯರ ಕಾಲದಲ್ಲಿ ಸಾಲ ಮಾಡುವುದೆಂದರೆ ನಾಲ್ಕು ಜನರಿಗೆ ಗೊತ್ತಾಗುವ ಕೆಲಸವಾಗಿತ್ತು. ಸಾಲ ಬೇಕಾದವನು ಕೊಡುವವನ ಮನೆ ಬಾಗಿಲಿಗೆ ಹೋಗಬೇಕು. ನಡುವೆ ಒಬ್ಬ ಹಿರಿಯರು ಕೂರಬೇಕು. ಒಂದು ಕಾಗದ ಬರೆಯಬೇಕು. ಉಮ್ಮನಿಗೂ ಹೆಂಡತಿಗೂ ಅದು ತಿಳಿಯದೆ ಇರುತ್ತಿರಲಿಲ್ಲ, ಯಾಕೆಂದರೆ ಅಡವಿಗೆ ಹೋಗುತ್ತಿದ್ದದ್ದು ಅವರ ಕೊರಳಿನ ಬಂಗಾರವೇ. ನಾಚಿಕೆಯಾಗುತ್ತಿತ್ತು, ನಿಜ. ಆ ನಾಚಿಕೆಯೇ ಎಷ್ಟೋ ಜನರನ್ನು ದೊಡ್ಡ ಸಾಲದಿಂದ ಉಳಿಸಿತು.

ಈಗ ಸಾಲ ಫೋನಿನಲ್ಲಿ ಬರುತ್ತದೆ. ಯಾರ ಬಾಗಿಲಿಗೂ ಹೋಗಬೇಕಿಲ್ಲ. ಅಂಗಡಿಯಲ್ಲಿ ಕಾರ್ಡ್ ತಾಗಿಸಿದರೆ ಮುಗಿಯಿತು. ಬಿಲ್ಲು ಇ-ಮೇಲ್‌ಗೆ ಬರುತ್ತದೆ, ಅದನ್ನು ತೆರೆದು ನೋಡುವವರು ಕಡಿಮೆ. ಪಕ್ಕದಲ್ಲಿ ಕೂತ ಹೆಂಡತಿಗೂ, ಒಂದೇ ಅಂಗಡಿಯಲ್ಲಿ ದುಡಿಯುವ ತಮ್ಮನಿಗೂ ಗೊತ್ತಾಗುವುದಿಲ್ಲ.

ಕ್ರೆಡಿಟ್ ಕಾರ್ಡ್ ಹಲಾಲೋ ಹರಾಮೋ ಎಂದು ಕೇಳುವವರು ಬಹಳ ಮಂದಿ ಇದ್ದಾರೆ. ಬೇಕಾದ ಪ್ರಶ್ನೆಯೇ, ಅದಕ್ಕೆ ಮುಂದೆ ಬರುತ್ತೇನೆ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಬೇಕಾಗಿದೆ: ನಿಮ್ಮ ಕಾರ್ಡಿನಲ್ಲಿ ಎಷ್ಟು ಬಾಕಿ ಇದೆ ಎಂದು ನಿಮ್ಮನ್ನು ಬಿಟ್ಟು ಮನೆಯಲ್ಲಿ ಇನ್ನು ಯಾರಿಗೆ ಗೊತ್ತು?

ಬ್ಯಾಂಕ್ ನಮಗೆ ಹೊಸತಲ್ಲ

ಬ್ಯಾಂಕ್ ಎಂದರೆ ನಮಗೆ ಸೇರಿದ್ದಲ್ಲ, ದೂರ ಇದ್ದರೆ ಒಳ್ಳೆಯದು ಎನ್ನುವ ಮಾತು ನಮ್ಮಲ್ಲಿ ಈಗಲೂ ಇದೆ. ಆದರೆ ನಮ್ಮ ಕರಾವಳಿಯೇ ಬ್ಯಾಂಕುಗಳ ತವರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರಿಂದ ಕೆನರಾ ಬ್ಯಾಂಕ್ ಶುರುವಾಯಿತು. ಅದೇ ವರ್ಷ ಮಾರ್ಚ್ 12ರಂದು ಉಡುಪಿಯಲ್ಲಿ ಇನ್ನೊಂದು ಬ್ಯಾಂಕ್ ಹುಟ್ಟಿತು. ಅದನ್ನು ಕಟ್ಟಿದವರು ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು. ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಆರಂಭವಾದ ಆ ಸಂಸ್ಥೆ ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಗಿ ದೇಶವಿಡೀ ಹರಡಿತು. 2020ರ ಎಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಜಾತಿ ಧರ್ಮ ನೋಡದೆ ಎಲ್ಲರಲ್ಲೂ ಉಳಿತಾಯದ ಅಭ್ಯಾಸ ಬೆಳೆಯಬೇಕು ಎಂಬುದು ಆ ಹಿರಿಯರ ಉದ್ದೇಶವಾಗಿತ್ತು.

1928ರಲ್ಲಿ ಸಿಂಡಿಕೇಟ್ ಬ್ಯಾಂಕಿನವರು ಪಿಗ್ಮಿ ತಂದರು. ಮನೆ ಬಾಗಿಲಿಗೆ ಬಂದು ಎರಡಾಣೆ, ನಾಲ್ಕಾಣೆ ಕಟ್ಟಿಸಿಕೊಂಡು ಹೋಗುತ್ತಿದ್ದರು. ಮೀನು ಮಾರುವವರು, ಬೀಡಿ ಕಟ್ಟುವವರು, ಸಣ್ಣ ಅಂಗಡಿಯವರು ಹಾಗೆ ಹನಿಹನಿಯಾಗಿ ಕೂಡಿಟ್ಟರು. ಅಂದರೆ ಬ್ಯಾಂಕ್ ನಮ್ಮ ಮನೆಗೆ ಬಂದದ್ದು ಸಾಲ ಕೊಡುವುದಕ್ಕಿಂತ ಹೆಚ್ಚಾಗಿ ಹಣ ಕಾಪಾಡುವುದಕ್ಕೆ. ಇವತ್ತು ಆ ಲೆಕ್ಕ ತಲೆಕೆಳಗಾಗಿದೆ. ನಮ್ಮ ಹುಡುಗರಿಗೆ ಬ್ಯಾಂಕಿನಿಂದ ಬರುವ ಫೋನ್‌ಗಳಲ್ಲಿ ಹಣ ಇಡಿ ಎನ್ನುವುದಕ್ಕಿಂತ ಸಾಲ ತೆಗೆದುಕೊಳ್ಳಿ, ಕಾರ್ಡ್ ತೆಗೆದುಕೊಳ್ಳಿ ಎನ್ನುವುದೇ ಹೆಚ್ಚು.

ಹತ್ತಿಮತ್ತೂರಿನಲ್ಲಿ ಕಾರ್ಡ್ ಅಂದರೆ

ನಾನು ಪಾಠ ಹೇಳುವ ಹತ್ತಿಮತ್ತೂರು ಹಾವೇರಿ ಜಿಲ್ಲೆಯ ಸವಣೂರು ತಾಲೂಕಿನಲ್ಲಿದೆ. ಗೋವಿನಜೋಳ, ಹತ್ತಿ ಬೆಳೆಯುವ ಸೀಮೆ. ಕರಾವಳಿಯಲ್ಲಿ ಉಸ್ತಾದ್ ಎನ್ನುವವರನ್ನು ಇಲ್ಲಿ ಹಜರತ್ ಎನ್ನುತ್ತಾರೆ. ಮದ್ರಸ ಬಿಟ್ಟ ಮೇಲೆ ಮಕ್ಕಳ ತಂದೆಯರು ಬ್ಯಾಂಕಿನ ಕಾಗದ, ಫೋನಿನ ಮೆಸೇಜು ತಂದು ಓದಿಸುವುದುಂಟು.

ಇಲ್ಲಿನ ರೈತರಿಗೆ ಕ್ರೆಡಿಟ್ ಕಾರ್ಡ್ ಎಂದರೆ ಮೊದಲು ನೆನಪಾಗುವುದು ಕಿಸಾನ್ ಕ್ರೆಡಿಟ್ ಕಾರ್ಡ್. ಅದು 1998ರಲ್ಲಿ ಬಂದ ಯೋಜನೆ. ಪೇಟೆಯಲ್ಲಿ ಸಿಗುವ ಕ್ರೆಡಿಟ್ ಕಾರ್ಡಿಗೂ ಇದಕ್ಕೂ ಹೆಸರು ಮಾತ್ರ ಒಂದು. ಕಿಸಾನ್ ಕಾರ್ಡ್ ಎಂದರೆ ಬೆಳೆ ಸಾಲ. ಮೂರು ಲಕ್ಷದವರೆಗಿನ ಸಾಲಕ್ಕೆ ಬಡ್ಡಿ ಶೇ. 7, ಅವಧಿಯೊಳಗೆ ಕಟ್ಟಿದವರಿಗೆ ಶೇ. 4 ಬೀಳುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ನಮ್ಮ ರಾಜ್ಯದಲ್ಲಿ ಪ್ರಾಥಮಿಕ ಸಹಕಾರ ಸಂಘದಿಂದ ರೈತರಿಗೆ ಬಡ್ಡಿ ಇಲ್ಲದ ಬೆಳೆ ಸಾಲ ಸಿಗುತ್ತದೆ. ಮೊದಲು ಮೂರು ಲಕ್ಷ ಇದ್ದ ಮಿತಿಯನ್ನು 2023ರ ಬಜೆಟ್‌ನಲ್ಲಿ ಐದು ಲಕ್ಷಕ್ಕೆ ಏರಿಸಿದರು. ಬಡ್ಡಿಯನ್ನು ಸರಕಾರ ಭರಿಸುತ್ತದೆ, ರೈತ ಅಸಲು ಮಾತ್ರ ಕಟ್ಟಿದರೆ ಸಾಕು. ಬಡ್ಡಿಗೆ ಹೆದರುವ ಮುಸ್ಲಿಂ ರೈತ ಕೈಗಡಕ್ಕೆ ಹೋಗುವ ಮೊದಲು ಊರಿನ ಸೊಸೈಟಿಯ ಬಾಗಿಲು ತಟ್ಟಬೇಕು. ಕರಾವಳಿಯ ಅಡಿಕೆ, ತೆಂಗಿನ ಕೃಷಿಕರಿಗೂ ಈ ಮಾತು ಅನ್ವಯ. ಆದರೆ ಅಲ್ಲಿಯೂ ಒಂದು ಷರತ್ತು ಇದೆ: ಗಡುವು ತಪ್ಪಿತೋ, ಬಡ್ಡಿ ಬೀಳುತ್ತದೆ.

ಇನ್ನು ಪೇಟೆ ಕಾರ್ಡಿನ ಮಾತು. ಅದು ಈಗ ಹಳ್ಳಿಗೂ ಬಂದಿದೆ. ಹೊಲಿಗೆ ಅಂಗಡಿ, ಗ್ಯಾರೇಜು, ಮೊಬೈಲ್ ಅಂಗಡಿ ನಡೆಸುವ ಹುಡುಗರ ಕೈಯಲ್ಲೂ ಇದೆ. ಅಂಥ ಒಬ್ಬ ಯುವಕ ಹೇಳಿದ್ದು ಹೀಗೆ: "ಹಜರತ್, ಬಡ್ಡಿ ಇಲ್ಲಂತ ಹೇಳಿ ಕೊಟ್ಟಾರ್ರಿ. ತಿಂಗಳಾ ಎರಡು ಸಾವಿರ ಕಟ್ಟಾಕತ್ತೀನಿ, ಸಾಲ ಮಾತ್ರ ಅಲ್ಲೇ ನಿಂತೈತಿ."

ಯಾಕೆ ಅಲ್ಲೇ ನಿಲ್ಲುತ್ತದೆ? ಲೆಕ್ಕ ಹಾಕಿ ನೋಡೋಣ.

ನೂರಕ್ಕೆ ಮೂರೂವರೆ

ಕಾರ್ಡಿನಲ್ಲಿ ಖರೀದಿ ಮಾಡಿದರೆ ಬಿಲ್ಲಿನ ದಿನ ಮತ್ತು ಕಟ್ಟುವ ಕೊನೆಯ ದಿನ ಎಂದು ಎರಡು ದಿನಾಂಕಗಳಿರುತ್ತವೆ. ಬಿಲ್ಲಾದ ಮರುದಿನ ಕೊಂಡರೆ ಸುಮಾರು 50 ದಿನ, ಬಿಲ್ಲಿನ ಹಿಂದಿನ ದಿನ ಕೊಂಡರೆ ಸುಮಾರು 20 ದಿನ ಬಡ್ಡಿ ಇಲ್ಲ. 'ಐವತ್ತು ದಿನ ಫ್ರೀ' ಎನ್ನುವುದು ಎಲ್ಲ ಖರೀದಿಗೂ ಅಲ್ಲ. ಅದೂ ಇಡೀ ಬಿಲ್ಲನ್ನು, ಒಂದು ಪೈಸೆ ಉಳಿಸದೆ ಕಟ್ಟಿದರೆ ಮಾತ್ರ.

ಬಿಲ್ಲಿನಲ್ಲಿ ಎರಡು ಮೊತ್ತ ಬರೆದಿರುತ್ತಾರೆ. ಒಂದು, ಕಟ್ಟಬೇಕಾದ ಪೂರ್ತಿ ಹಣ. ಇನ್ನೊಂದು, 'ಮಿನಿಮಮ್ ಡ್ಯೂ' ಅಂದರೆ ಕನಿಷ್ಠ ಕಂತು. ಎಡವುವುದು ಇಲ್ಲೇ. 40,000 ರೂಪಾಯಿ ಬಾಕಿ ಇದೆ, ಕನಿಷ್ಠ ಕಂತು ಅದರ ಶೇ. 5, ಅಂದರೆ 2,000 ಎಂದಿಟ್ಟುಕೊಳ್ಳಿ. ಅಷ್ಟು ಕಟ್ಟಿದರೆ ಬ್ಯಾಂಕಿನವರು ಫೋನ್ ಮಾಡುವುದಿಲ್ಲ, ದಂಡ ಹಾಕುವುದಿಲ್ಲ. ನಾವು ಬಚಾವ್ ಎಂದುಕೊಳ್ಳುತ್ತೇವೆ. ಆದರೆ ತಿಂಗಳಿಗೆ ಶೇ. 3.5ರ ಬಡ್ಡಿ ಎಂದರೆ 1,400 ರೂಪಾಯಿ. ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, 252 ರೂಪಾಯಿ. ಎರಡೂ ಸೇರಿ 1,652. ಕಟ್ಟಿದ 2,000ದಲ್ಲಿ ಅಸಲಿಗೆ ಹೋಗಿದ್ದು 348 ರೂಪಾಯಿ ಮಾತ್ರ!

ಮುಂದೆ ಒಂದು ಪೈಸೆಯ ಖರೀದಿಯನ್ನೂ ಮಾಡದೆ ವರ್ಷವಿಡೀ ಹೀಗೆಯೇ ಶೇ. 5 ಕಟ್ಟುತ್ತಾ ಬಂದರೆ ಸುಮಾರು 22,900 ರೂಪಾಯಿ ಕೈಬಿಟ್ಟಿರುತ್ತದೆ. ಸಾಲ ಇಳಿದಿರುವುದು ಸುಮಾರು 4,000. ಬ್ಯಾಂಕಿನಿಂದ ಬ್ಯಾಂಕಿಗೆ ಈ ಲೆಕ್ಕದಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು, ದಾರಿ ಮಾತ್ರ ಇದೇ. ಆ ಯುವಕನ ಸಾಲ ನಿಂತಲ್ಲೇ ನಿಂತದ್ದು ಇದೇ ಕಾರಣಕ್ಕೆ. ಜೊತೆಗೆ, ಬಾಕಿ ಉಳಿಸಿದ ತಿಂಗಳಿನಿಂದ ಹೊಸ ಖರೀದಿಗೂ ಬಡ್ಡಿ ರಹಿತ ದಿನಗಳು ಸಿಗುವುದಿಲ್ಲ. ಹಾಲು, ಅಕ್ಕಿ ಕೊಂಡರೂ ಕೊಂಡ ದಿನದಿಂದಲೇ ಬಡ್ಡಿ.

ಎಟಿಎಂನಿಂದ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆಯುವುದು ಇನ್ನೂ ಕೆಟ್ಟದ್ದು. ಅದಕ್ಕೆ ಬೇರೆ ಶುಲ್ಕವಿದೆ. ತೆಗೆದ ಗಳಿಗೆಯಿಂದಲೇ ಬಡ್ಡಿ, ಒಂದು ದಿನದ ರಿಯಾಯಿತಿಯೂ ಇಲ್ಲ. 'ನೋ ಕಾಸ್ಟ್ ಇಎಂಐ' ಎಂಬ ಫಲಕ ನೋಡಿ ಫೋನು, ಫ್ರಿಜ್ ಕೊಳ್ಳುವವರು ಇದನ್ನು ಗಮನಿಸಬೇಕು: ಶೂನ್ಯ ಬಡ್ಡಿ ಎಂಬುದು ನಿಜದಲ್ಲಿ ಇಲ್ಲ, ಅದು ಗಿರಾಕಿಯನ್ನು ಸೆಳೆಯುವ ತಂತ್ರ ಎಂಬ ಅರ್ಥದಲ್ಲಿ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ನಗದು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿಯನ್ನು ಕೊಡದೆ, ಆ ಹಣವನ್ನೇ ಬಡ್ಡಿಗೆ ಸರಿ ಮಾಡಿರುತ್ತಾರೆ. ನಗದಿಗೆ ಎಷ್ಟು, ಕಂತಿಗೆ ಎಷ್ಟು, ಪ್ರೊಸೆಸಿಂಗ್ ಫೀ ಎಷ್ಟು ಎಂದು ಮೂರನ್ನೂ ಬಾಯಿಬಿಟ್ಟು ಕೇಳಿ.

ಊರಿನಲ್ಲಿ ಯಾರಾದರೂ ನೂರಕ್ಕೆ ಮೂರರಂತೆ ಬಡ್ಡಿಗೆ ಕೊಟ್ಟರೆ ಅವನನ್ನು ಬಡ್ಡಿ ಸಾಹುಕಾರ ಎಂದು ಹಿಂದಿನಿಂದ ಬೈಯುತ್ತೇವೆ, ಅವನ ಮನೆಯ ಊಟಕ್ಕೂ ಅನುಮಾನಿಸುತ್ತೇವೆ. ಕಾರ್ಡಿನದು ನೂರಕ್ಕೆ ಮೂರೂವರೆ, ವರ್ಷಕ್ಕೆ 42! ಕರ್ನಾಟಕದಲ್ಲಿ ಲೈಸೆನ್ಸ್ ಇರುವ ಲೇವಾದೇವಿಗಾರ ಭದ್ರತೆ ಇಟ್ಟ ಸಾಲಕ್ಕೆ ವರ್ಷಕ್ಕೆ ಶೇ. 14, ಭದ್ರತೆ ಇಲ್ಲದ ಸಾಲಕ್ಕೆ ಶೇ. 16ಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. ಬ್ಯಾಂಕಿನ ಕಾರ್ಡಿಗೆ ಈ ಕಟ್ಟು ಇಲ್ಲ. ಶೇ. 30ಕ್ಕಿಂತ ಹೆಚ್ಚು ಬಡ್ಡಿ ಹಾಕುವುದು ಅನ್ಯಾಯ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್ 20ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಹಾಗಾಗಿ ಕೋರ್ಟು ಕಾಪಾಡೀತು ಎಂಬ ಧೈರ್ಯದಲ್ಲಿ ಬಾಕಿ ಬೆಳೆಸುವ ಹಾಗಿಲ್ಲ.

ಉಪಯೋಗವೇ ಇಲ್ಲವೇ?

ಇದೆ. ಇಲ್ಲವೆಂದರೆ ಸುಳ್ಳಾಗುತ್ತದೆ. ರಾತ್ರಿ ಹೊತ್ತು ಆಸ್ಪತ್ರೆಯಲ್ಲಿ ಮುಂಗಡ ಕಟ್ಟಬೇಕಾದಾಗ ಕಾರ್ಡ್ ಕೈಹಿಡಿಯುತ್ತದೆ. ಗಲ್ಫಿನಲ್ಲಿರುವ ಮಗ ಮೌತಿನ ಸುದ್ದಿ ಕೇಳಿ ಒಮ್ಮೆಲೇ ಟಿಕೆಟ್ ಮಾಡಬೇಕಾದಾಗಲೂ ಅಷ್ಟೆ. ಆನ್‌ಲೈನ್ ಮೋಸವಾದಾಗ ಡೆಬಿಟ್ ಕಾರ್ಡಿನಲ್ಲಾದರೆ ನಮ್ಮ ಖಾತೆಯ ಹಣವೇ ಹೋಗಿರುತ್ತದೆ. ಕ್ರೆಡಿಟ್ ಕಾರ್ಡಿನಲ್ಲಾದರೆ ನಮ್ಮ ಹಣ ಹೋಗುವ ಮೊದಲೇ ತಕರಾರು ಹಾಕಬಹುದು. ಸಮಯಕ್ಕೆ ಸರಿಯಾಗಿ ಕಟ್ಟಿದವರ ಸಿಬಿಲ್ ಅಂಕ ಚೆನ್ನಾಗಿರುತ್ತದೆ, ಮುಂದೆ ಬ್ಯಾಂಕಿನ ಜೊತೆ ವ್ಯವಹಾರ ಮಾಡುವಾಗ ಅದು ಲೆಕ್ಕಕ್ಕೆ ಬರುತ್ತದೆ. ಸಂಬಳದ ದಿನ, ಬಿಲ್ಲಿನ ದಿನ ಎರಡನ್ನೂ ಸರಿಹೊಂದಿಸಿಕೊಂಡು ತಿಂಗಳು ತಿಂಗಳು ಪೂರ್ತಿ ಕಟ್ಟಿ ಮುಗಿಸುವವರೂ ನಮ್ಮ ನಡುವೆ ಇದ್ದಾರೆ.

ಆದರೆ ಈ ಪ್ರಯೋಜನಗಳೆಲ್ಲ ಹಣ ಕೈಯಲ್ಲಿದ್ದೂ ಕಾರ್ಡ್ ಬಳಸುವವನಿಗೆ. ಹಣ ಇಲ್ಲದ್ದಕ್ಕೆ ಕಾರ್ಡ್ ಬಳಸುವವನಿಗೆ ಸಿಗುವುದು ಬಡ್ಡಿ ಮಾತ್ರ. ಅವನಿಂದ ಬರುವ ಬಡ್ಡಿ ಬ್ಯಾಂಕಿಗೆ ದೊಡ್ಡ ಆದಾಯ.

ವಿದ್ವಾಂಸರ ಮಾತು

ವ್ಯಾಪಾರ ಹಲಾಲ್, ಬಡ್ಡಿ ಹರಾಮ್ ಎಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯ ಇಲ್ಲ. ತಿನ್ನುವವನಷ್ಟೇ ಅಲ್ಲ, ಕೊಡುವವನೂ ಬರೆಯುವವನೂ ಸಾಕ್ಷಿ ನಿಲ್ಲುವವನೂ ಅದರಲ್ಲಿ ಪಾಲುದಾರರು ಎಂದು ಹದೀಸ್ ಹೇಳುತ್ತದೆ. ಕಾರ್ಡಿನ ವಿಷಯದಲ್ಲಿ ಚರ್ಚೆ ಇರುವುದು ಸೂಕ್ಷ್ಮವಾದ ಒಂದು ಕಡೆ. ಬಡ್ಡಿ ಬೀಳುವ ಮೊದಲೇ ಕಟ್ಟಿದರೂ, ತಡವಾದರೆ ಬಡ್ಡಿ ಕೊಡುತ್ತೇನೆ ಎಂಬ ಒಪ್ಪಂದಕ್ಕೆ ಸಹಿ ಹಾಕಿರುತ್ತೇವಲ್ಲ, ಅದು ಸರಿಯೇ?

ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ 2000ನೇ ಇಸವಿಯಲ್ಲಿ ರಿಯಾದ್‌ನಲ್ಲಿ ಸೇರಿದಾಗ, ಬಡ್ಡಿಯ ಷರತ್ತು ಇರುವ ಇಂಥ ಕಾರ್ಡನ್ನು ಅವಧಿಯೊಳಗೆ ಕಟ್ಟುವ ಉದ್ದೇಶವಿದ್ದರೂ ಪಡೆಯಬಾರದು ಎಂದು ತೀರ್ಮಾನಿಸಿತು. ಖಾತೆಯಲ್ಲಿರುವ ನಮ್ಮ ಹಣವನ್ನೇ ಬಳಸುವ ಡೆಬಿಟ್ ಕಾರ್ಡಿಗೆ ಈ ಆಕ್ಷೇಪ ಇಲ್ಲ. ಅಗತ್ಯವಿದ್ದು, ಬಡ್ಡಿ ಬೀಳದಂತೆ ಖಂಡಿತ ಕಟ್ಟುವವನಿಗೆ ಅವಕಾಶವಿದೆ ಎನ್ನುವ ವಿದ್ವಾಂಸರೂ ಇದ್ದಾರೆ. ನಗದು ತೆಗೆದು ಬಡ್ಡಿ ಕಟ್ಟುವುದನ್ನು, ಮಿನಿಮಮ್ ಕಟ್ಟುತ್ತಾ ಬಡ್ಡಿ ಬೆಳೆಸುವುದನ್ನು ಇವರು ಕೂಡ ಒಪ್ಪುವುದಿಲ್ಲ. ಉಳಿತಾಯ ಖಾತೆಗೆ ತಾನಾಗಿ ಬಂದು ಬೀಳುವ ಬಡ್ಡಿಯನ್ನು ಸ್ವಂತಕ್ಕೆ ಬಳಸದೆ, ಪುಣ್ಯದ ನಿರೀಕ್ಷೆ ಇಲ್ಲದೆ ಬಡವರಿಗೆ ಕೊಟ್ಟುಬಿಡಿ ಎಂದು ಹೇಳುವ ಉಲಮಾಗಳಿದ್ದಾರೆ. ಫತ್ವಾ ಕೊಡುವುದು ಒಬ್ಬ ಮುಅಲ್ಲಿಮನ ಕೆಲಸವಲ್ಲ. ನಿಮ್ಮ ಸಂದರ್ಭವನ್ನು ನಿಮ್ಮ ಖಾಝಿಯವರ ಮುಂದೆ, ಖತೀಬರ ಮುಂದೆ ಬಿಚ್ಚಿಟ್ಟು ಕೇಳಿ. ಕೇಳುವಾಗ ಬಿಲ್ಲನ್ನೂ ಕೊಂಡುಹೋಗಿ.

ಬ್ಯಾಂಕ್ ಬಿಟ್ಟವರು ಎಲ್ಲಿಗೆ ಹೋದರು?

ಬ್ಯಾಂಕೇ ಬೇಡ ಎಂದು ದೂರ ಸರಿದರೆ ಸಾಲದು, ಎಲ್ಲಿಗೆ ಸರಿಯುತ್ತೇವೆ ಎಂಬುದನ್ನೂ ನೋಡಬೇಕು. ಭಾರತದಲ್ಲಿ ಬಡ್ಡಿ ರಹಿತ ಬ್ಯಾಂಕಿಂಗ್‌ಗೆ ದಾರಿ ಮಾಡಬೇಕೆಂದು ರಘುರಾಮ್ ರಾಜನ್ ಸಮಿತಿ 2008ರಲ್ಲಿ ಸಲಹೆ ಕೊಟ್ಟಿತ್ತು. 2017ರಲ್ಲಿ ರಿಸರ್ವ್ ಬ್ಯಾಂಕ್ ಅದನ್ನು ಮುಂದುವರಿಸುವುದಿಲ್ಲ ಎಂದಿತು. ಆ ಖಾಲಿ ಜಾಗಕ್ಕೆ 'ಹಲಾಲ್ ಲಾಭ' ಎಂಬ ಬೋರ್ಡ್ ಹಾಕಿಕೊಂಡು ಬಂದವರು ಹಲವರು. ಬೆಂಗಳೂರಿನ ಐಎಂಎ ಕಥೆ ಎಲ್ಲರಿಗೂ ಗೊತ್ತು. 2019ರ ಜೂನ್‌ನಲ್ಲಿ ಅದರ ಮುಖ್ಯಸ್ಥ ದೇಶ ಬಿಟ್ಟು ಹೋದಾಗ ಹತ್ತಾರು ಸಾವಿರ ಮಂದಿ ಪೊಲೀಸರ ಮುಂದೆ ದೂರು ಹಿಡಿದು ಸಾಲುಗಟ್ಟಿದರು. ಮಗಳ ಮದುವೆಗೆ ಇಟ್ಟದ್ದು, ನಿವೃತ್ತಿಯಲ್ಲಿ ಬಂದದ್ದು ಎಲ್ಲ ಹೋಯಿತು. ಬ್ಯಾಂಕಿನಲ್ಲಿಟ್ಟಿದ್ದರೆ ಬ್ಯಾಂಕ್ ಮುಳುಗಿದರೂ ಒಬ್ಬರಿಗೆ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. ಐಎಂಎಯಲ್ಲಿ ಇಟ್ಟವರಿಗೆ ಅಂಥ ವಿಮೆ ಇರಲಿಲ್ಲ. ಬಡ್ಡಿ ಅಲ್ಲ ಎಂದು ಹೇಳಿದ ಮಾತ್ರಕ್ಕೆ ಅದು ವ್ಯಾಪಾರವಾಗುವುದಿಲ್ಲ. ಯಾವ ಸರಕು, ಯಾವ ಲೆಕ್ಕಪತ್ರ, ನಷ್ಟವಾದರೆ ಯಾರಿಗೆ ಎಂದು ಕೇಳದೆ ಹಣ ಕೊಡಬಾರದು.

ಇತ್ತ ಹಾವೇರಿ ಜಿಲ್ಲೆ ಇನ್ನೊಂದು ನೋವನ್ನು ಕಂಡಿತು. ಮನೆ ಬಾಗಿಲಿಗೆ ಬಂದು ಗುಂಪು ಸಾಲ ಕೊಟ್ಟ ಮೈಕ್ರೋ ಫೈನಾನ್ಸ್‌ಗಳ ವಸೂಲಿಗೆ ಬೇಸತ್ತು, 2025ರ ಜನವರಿಯಲ್ಲಿ ಇಲ್ಲಿನ ಮಹಿಳೆಯರು ನಮ್ಮ ಮಾಂಗಲ್ಯ ಉಳಿಸಿಕೊಡಿ ಎಂದು ಮುಖ್ಯಮಂತ್ರಿಗೆ ಅಂಚೆಯಲ್ಲಿ ಮಾಂಗಲ್ಯ ಸರ ಕಳಿಸಿದರು. ವಾರದ ಕಂತು ಕಟ್ಟಲು ಇನ್ನೊಂದು ಕಂಪೆನಿಯ ಸಾಲ, ಅದಕ್ಕೆ ಮತ್ತೊಂದು. ಫೆಬ್ರವರಿ 12ರಂದು ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಎಂದಾಯಿತು. ಕಾನೂನು ಒಳ್ಳೆಯದೇ. ಆದರೆ ನಿಯಮದಂತೆ ನೋಂದಾಯಿತ ಕಂಪೆನಿಯಿಂದ ತಂದ ಸಾಲ ಅದರಿಂದ ಮಾಫಿ ಆಗುವುದಿಲ್ಲ.

ಈ ಎರಡು ಕಥೆಗಳಿಂದ ತಿಳಿಯಬೇಕಾದದ್ದು ಇಷ್ಟು: ಹಣ ಇಡಲು, ಕಳಿಸಲು, ಪಡೆಯಲು ಬ್ಯಾಂಕನ್ನು ಧೈರ್ಯವಾಗಿ ಬಳಸಿ. ಸಾಲಕ್ಕೆ ಮಾತ್ರ ಹೆದರಿ, ಅದು ಯಾವ ಹೆಸರಿನಲ್ಲಿ ಬಂದರೂ ಸರಿ.

ಗಲ್ಫಿನ ಕಾರ್ಡ್ ಊರಿನವರೆಗೂ ಬರುತ್ತದೆ

ನಮ್ಮ ಮನೆಗಳಿಗೆ ಇದು ಮುಖ್ಯ. ದುಬೈ, ಶಾರ್ಜಾ, ಅಬುಧಾಬಿಯಲ್ಲಿ ಸಂಬಳ ಖಾತೆಗೆ ಬೀಳಲು ಶುರುವಾದ ಕೂಡಲೇ ಕಾರ್ಡ್, ಪರ್ಸನಲ್ ಲೋನ್ ಎಂದು ಬೆನ್ನು ಹತ್ತುತ್ತಾರೆ. ಒಂದು ಕಾರ್ಡಿನ ಬಾಕಿ ಇನ್ನೊಂದರಿಂದ ತೀರಿಸಿ, ಊರಿನಲ್ಲಿ ಮನೆ ಕಟ್ಟಿ, ತಂಗಿಯ ಮದುವೆ ಮಾಡಿ, ಕೆಲಸ ಹೋದ ದಿನ ಎಲ್ಲವೂ ಒಟ್ಟಿಗೆ ಮೈಮೇಲೆ ಬೀಳುತ್ತದೆ. ಬಾಕಿ 10,000 ದಿರ್ಹಂ ಅಥವಾ ಹೆಚ್ಚು ಇದ್ದರೆ ಸಾಲ ಕೊಟ್ಟವರು ಅಲ್ಲಿನ ಕೋರ್ಟಿನಿಂದ ಪ್ರಯಾಣ ನಿಷೇಧ ತರಬಹುದು. ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ಅದು ಗೊತ್ತಾಗುವ ಪ್ರಸಂಗಗಳಿವೆ. ಅತ್ತ ಉಮ್ಮನ ಮಯ್ಯಿತ್, ಇತ್ತ ಮಗನಿಗೆ ಹೋಗಲು ಬಿಡುವುದಿಲ್ಲ ಎಂಬಂಥ ಸ್ಥಿತಿ ಯಾರಿಗೂ ಬರಬಾರದು.

'ಹೇಗಾದರೂ ಊರಿಗೆ ಬಂದರೆ ಮುಗಿಯಿತು' ಎಂದು ಹಿಂದೆ ಹೇಳುತ್ತಿದ್ದರು. ಈಗ ಮುಗಿಯುವುದಿಲ್ಲ. 2020ರ ಜನವರಿ 17ರಂದು ಕೇಂದ್ರ ಸರಕಾರ ಹೊರಡಿಸಿದ ಅಧಿಸೂಚನೆಯ ನಂತರ, ಯುಎಇಯ ನ್ಯಾಯಾಲಯಗಳು ಕೊಟ್ಟ ಹಣದ ಡಿಕ್ರಿಯನ್ನು ಇಲ್ಲಿನ ಜಿಲ್ಲಾ ನ್ಯಾಯಾಲಯದಲ್ಲೇ ಜಾರಿ ಮಾಡಿಸಲು ಅವಕಾಶವಿದೆ. ಊರಿನಲ್ಲಿ ಕಟ್ಟಿದ ಮನೆ, ತೆಗೆದ ಜಾಗ ಆಗ ಲೆಕ್ಕಕ್ಕೆ ಬರುತ್ತದೆ. ಕೆಲಸ ಹೋದರೆ ತಲೆ ಮರೆಸದೆ ಬ್ಯಾಂಕಿಗೆ ಹೋಗಿ ಕಂತು ಇಳಿಸಿಕೊಡಿ ಎಂದು ಕೇಳುವುದೇ ದಾರಿ. ಹಿಂದಿರುಗುವ ಮುನ್ನ ಕಾರ್ಡ್ ಮುಚ್ಚಿಸಿ, ಬಾಕಿ ಇಲ್ಲ ಎಂಬ ಪತ್ರ ಬರೆಸಿಕೊಂಡು ಬನ್ನಿ. ಕತ್ತರಿಯಿಂದ ಕತ್ತರಿಸಿದರೆ ಕಾರ್ಡ್ ಮುಚ್ಚಿದಂತೆ ಅಲ್ಲ, ವಾರ್ಷಿಕ ಶುಲ್ಕ ಬೆಳೆಯುತ್ತಲೇ ಇರುತ್ತದೆ.

ಬ್ಯಾಂಕಿನ ಮುಂದೆ ನಮ್ಮ ಹಕ್ಕು

ನಮ್ಮವರು ಬ್ಯಾಂಕಿನಲ್ಲಿ ಪ್ರಶ್ನೆ ಕೇಳಲು ಸಂಕೋಚಪಡುತ್ತಾರೆ. ತೋರಿಸಿದಲ್ಲಿ ಸಹಿ ಹಾಕಿ ಬರುತ್ತಾರೆ. ರಿಸರ್ವ್ ಬ್ಯಾಂಕ್ ನಿಯಮಗಳಲ್ಲಿ ಕೆಲವನ್ನಾದರೂ ತಿಳಿದಿರಬೇಕು.

ನೀವು ಕೇಳದೆ ನಿಮ್ಮ ಹೆಸರಿಗೆ ಕಾರ್ಡ್ ಕೊಡುವಂತಿಲ್ಲ. ಕೊಟ್ಟು ಶುಲ್ಕ ಹಾಕಿದರೆ, ಹಾಕಿದ್ದನ್ನು ವಾಪಸ್ ಮಾಡಿ ಅದರ ಎರಡು ಪಟ್ಟು ದಂಡ ಬ್ಯಾಂಕೇ ಕೊಡಬೇಕು. ಬಾಕಿ ಇಲ್ಲದ ಕಾರ್ಡ್ ಮುಚ್ಚಿ ಎಂದು ಬರೆದುಕೊಟ್ಟರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿಯಂತೆ ನಿಮಗೆ ಕೊಡಬೇಕು. ವಸೂಲಿಯವರು ಬೆಳಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನ್ ಮಾಡುವಂತಿಲ್ಲ. ನೆರೆಮನೆಯವರ ಮುಂದೆ, ಸಂಬಂಧಿಕರ ಮುಂದೆ ಮಾನ ಕಳೆಯುವಂತಿಲ್ಲ. ದೂರು ಕೊಟ್ಟು 30 ದಿನವಾದರೂ ಬ್ಯಾಂಕ್ ಸರಿಯಾಗಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು, ಅದಕ್ಕೆ ಖರ್ಚಿಲ್ಲ. ಮಾಹಿತಿಗೆ 14448ಕ್ಕೆ ಫೋನ್ ಮಾಡಿ. ಒಟಿಪಿ ಕೇಳಿ ಹಣ ಎಗರಿಸಿದರೆ ತಡಮಾಡದೆ 1930ಕ್ಕೂ ಬ್ಯಾಂಕಿಗೂ ಹೇಳಿ. ನಾಚಿಕೆಯಿಂದ ಎರಡು ದಿನ ಮುಚ್ಚಿಟ್ಟರೆ ಹಣ ಸಿಗುವ ದಾರಿ ಮುಚ್ಚುತ್ತಾ ಹೋಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

1. ಕೊಡು-ಕೊಳ್ಳುವಿಕೆಯನ್ನು ಬರೆದಿಡಿ ಎಂದು ಹೇಳುವ ಆಯತ್ ಕುರ್‌ಆನಿನಲ್ಲೇ ಅತ್ಯಂತ ಉದ್ದದ್ದು, ಸೂರಃ ಅಲ್-ಬಖರದ 282ನೆಯದು. ಅದರಂತೆ ಒಂದು ನೋಟ್ ಪುಸ್ತಕ ಮಾಡಿ. ಯಾವ ಬ್ಯಾಂಕಿನಲ್ಲಿ ಖಾತೆ, ಯಾವ ಕಾರ್ಡ್, ಎಷ್ಟು ಬಾಕಿ, ಯಾರಿಂದ ಕೈಗಡ, ಎಲ್ಲಿ ಎಷ್ಟು ಪವನ್ ಅಡವು, ಎಲ್ಲ ಬರೆಯಿರಿ. ಪಿನ್, ಪಾಸ್‌ವರ್ಡ್ ಬರೆಯಬೇಡಿ. ಪುಸ್ತಕ ಎಲ್ಲಿದೆ ಎಂದು ಹೆಂಡತಿಗೂ ದೊಡ್ಡ ಮಗನಿಗೋ ಮಗಳಿಗೋ ತಿಳಿದಿರಲಿ.

2. ಕಾರ್ಡ್ ಇದ್ದೇ ಇದ್ದರೆ ಒಂದೇ ಇರಲಿ, ಮಿತಿ ತಿಂಗಳ ಸಂಬಳಕ್ಕಿಂತ ಕಡಿಮೆ ಇರಲಿ. ಮಿತಿ ಇಳಿಸಿ ಎಂದು ಕೇಳಿದರೆ ಇಳಿಸಿಕೊಡುತ್ತಾರೆ. ಪೂರ್ತಿ ಬಿಲ್ಲು ಖಾತೆಯಿಂದ ತಾನಾಗಿ ಕಟ್ಟಿಹೋಗುವಂತೆ ಬರೆದುಕೊಡಿ. ಆ ಅರ್ಜಿಯಲ್ಲಿ 'ಪೂರ್ತಿ ಮೊತ್ತ' ಎಂಬಲ್ಲಿ ಗುರುತು ಹಾಕಿದ್ದೀರಾ, 'ಕನಿಷ್ಠ' ಎಂಬಲ್ಲಿ ಹಾಕಿದ್ದೀರಾ ಎಂದು ಎರಡು ಸಲ ನೋಡಿ.

3. ಈಗಾಗಲೇ ಬಾಕಿ ಸಿಕ್ಕಿಕೊಂಡಿದ್ದರೆ ಹೊಸ ಖರೀದಿ ಇಂದೇ ನಿಲ್ಲಿಸಿ. ಮನೆಯವರಿಗೆ ಹೇಳಿ. ಅಣ್ಣ ತಮ್ಮಂದಿರು, ಮಾವಂದಿರು ಸೇರಿ ಬಡ್ಡಿಯಿಲ್ಲದ ಸಾಲವಾಗಿ, ಕರ್ಝೆ ಹಸನ್ ಆಗಿ ಆ ಬಾಕಿ ತೀರಿಸಿ, ಅವನಿಂದ ತಿಂಗಳು ತಿಂಗಳು ಅಸಲು ಪಡೆಯಲಿ. 40,000ದ ಮೇಲೆ ತಿಂಗಳಿಗೆ 1,600 ಬಡ್ಡಿ-ತೆರಿಗೆಗೆ ಹೋಗುವುದು ಆ ದಿನದಿಂದ ನಿಲ್ಲುತ್ತದೆ. ಜಮಾಅತ್‌ಗಳು ವರ್ಷದಲ್ಲಿ ಇಂಥ ನಾಲ್ಕು ಮನೆಯನ್ನು ಎತ್ತಿದರೂ ದೊಡ್ಡ ಕೆಲಸ.

4. ಎಲ್ಲ ಖಾತೆಗಳಿಗೂ ನಾಮಿನಿ ಹಾಕಿಸಿ. 2025ರ ನವೆಂಬರ್ 1ರಿಂದ ಠೇವಣಿ ಖಾತೆಗೆ ನಾಲ್ಕು ಜನರವರೆಗೆ ಹೆಸರಿಸಬಹುದು. ನಾಮಿನಿ ಎಂದರೆ ವಾರಸುದಾರನಲ್ಲ, ಹಣ ಪಡೆದು ಹಕ್ಕುದಾರರಿಗೆ ಮುಟ್ಟಿಸಬೇಕಾದ ಅಮಾನತುದಾರ. ತೀರಿಹೋದ ಬಾಪನ ಹೆಸರಿನಲ್ಲಿ ಯಾವುದೋ ಬ್ಯಾಂಕಿನಲ್ಲಿ ಹಣ ಇತ್ತು ಎಂಬ ಅನುಮಾನವಿದ್ದರೆ ರಿಸರ್ವ್ ಬ್ಯಾಂಕಿನ 'ಉದ್ಗಮ್' ಜಾಲತಾಣದಲ್ಲಿ ಹುಡುಕಬಹುದು.

ಮೂರು ದೀನಾರ್

ನಮ್ಮ ಮಸೀದಿಗಳಲ್ಲಿ ಜನಾಝ ನಮಾಝ್‌ಗೆ ಮೊದಲು ಮನೆಯವರೊಬ್ಬರು ನಿಂತು, ಮಯ್ಯಿತ್‌ನಿಂದ ಯಾರಿಗಾದರೂ ಕೊಡುವುದಿದ್ದರೆ ನಮಗೆ ತಿಳಿಸಿ ಎನ್ನುತ್ತಾರೆ. ಇದು ಬರೀ ಸಂಪ್ರದಾಯದ ಮಾತಲ್ಲ. ಪ್ರವಾದಿ (ಸ) ಅವರ ಮುಂದೆ ಒಂದು ಜನಾಝ ತಂದಾಗ ಇವರಿಗೆ ಸಾಲ ಇತ್ತೇ ಎಂದು ಕೇಳಿದರು. ಮೂರು ದೀನಾರ್ ಇತ್ತು, ತೀರಿಸಲು ಏನೂ ಬಿಟ್ಟಿರಲಿಲ್ಲ. ನಿಮ್ಮ ಸಂಗಾತಿಗೆ ನೀವೇ ನಮಾಝ್ ಮಾಡಿ ಎಂದರು. ಅಬೂ ಖತಾದ (ರ) ಅವರು ಆ ಸಾಲ ನನ್ನದು ಎಂದು ಹೊತ್ತ ಮೇಲೆಯೇ ನಮಾಝ್ ನಡೆಸಿಕೊಟ್ಟರು. ಮುಂದೆ ಅನುಕೂಲ ಒದಗಿದಾಗ, ಸಾಲ ಬಿಟ್ಟು ಹೋದ ವಿಶ್ವಾಸಿಗಳ ಹೊಣೆಯನ್ನು ಪ್ರವಾದಿಯವರೇ ವಹಿಸಿಕೊಂಡರು. ಸಾಲ ಎಷ್ಟು ಭಾರ ಎಂಬುದೂ, ಅದನ್ನು ಇಳಿಸುವುದು ಸಮುದಾಯದ ಕೆಲಸ ಎಂಬುದೂ ಇದರಲ್ಲೇ ಇದೆ.

ಝುಬೈರ್ ಇಬ್ನುಲ್ ಅವ್ವಾಮ್ (ರ) ಅವರದು ಇನ್ನೊಂದು ಉದಾಹರಣೆ. ಜನ ಅಮಾನತ್ ಇಡಲು ಬಂದರೆ, ಕಳೆದುಹೋದರೆ ನಿಮಗೆ ನಷ್ಟವಾಗಬಾರದು, ಇದನ್ನು ನನ್ನ ಮೇಲಿನ ಸಾಲವೆಂದೇ ಇಡಿ ಎನ್ನುತ್ತಿದ್ದರು. ಅವರು ತೀರಿದಾಗ 22 ಲಕ್ಷದ ಹೊಣೆ ಇತ್ತು. ಆದರೆ ಮಗ ಅಬ್ದುಲ್ಲಾ ಅವರಿಗೆ ಮೊದಲೇ ಹೇಳಿಟ್ಟಿದ್ದರು. ಮಗ ಜಾಗ ಮಾರಿ ಸಾಲ ತೀರಿಸಿದರು. ಅಷ್ಟಕ್ಕೇ ನಿಲ್ಲದೆ ನಾಲ್ಕು ವರ್ಷ ಹಜ್ಜಿನ ಕಾಲದಲ್ಲಿ, ಝುಬೈರರಿಂದ ಬರಬೇಕಾದವರು ಬನ್ನಿ ಎಂದು ಕೂಗಿಸಿ, ಆಮೇಲೆ ವಾರಸುದಾರರಿಗೆ ಪಾಲು ಮಾಡಿದರು. ಸಾಲ ಮೊದಲು, ಪಾಲು ಆಮೇಲೆ. ನಮ್ಮ ದೇಶದ ಕಾನೂನೂ ಅದನ್ನೇ ಹೇಳುತ್ತದೆ: ಸತ್ತವನ ಕಾರ್ಡಿನ ಬಾಕಿ ಅವನು ಬಿಟ್ಟ ಆಸ್ತಿಯಿಂದ ತೀರಬೇಕು. ಜಾಮೀನು ನಿಲ್ಲದ ಹೆಂಡತಿ ಮಕ್ಕಳು ತಮ್ಮ ಸ್ವಂತ ದುಡಿಮೆಯಿಂದ ಕಟ್ಟಬೇಕಿಲ್ಲ. ಹೆದರಿಸಿ ಕಟ್ಟಿಸಲು ಬಂದವರಿಗೆ ಈ ಮಾತು ಹೇಳಬಹುದು.

ಜನಾಝದಲ್ಲಿ ಮನೆಯವರು ಕೇಳುವಾಗ ಕೈಗಡ ಕೊಟ್ಟ ನೆರೆಯವನು ಎದ್ದು ಹೇಳುತ್ತಾನೆ. ಕಾರ್ಡ್ ಕಂಪೆನಿಯವರು ಮಸೀದಿಯ ಅಂಗಳಕ್ಕೆ ಬರುವುದಿಲ್ಲ. ಅವರ ಬಿಲ್ಲು, ಬೀಗ ಹಾಕಿದ ಫೋನಿಗೆ ತಿಂಗಳು ತಿಂಗಳು ಬರುತ್ತಾ ಇರುತ್ತದೆ. ಮನೆಯಲ್ಲಿ ಒಬ್ಬರಿಗೂ ಗೊತ್ತಿಲ್ಲದಿದ್ದರೆ ಆ ಸಾಲ ತೀರಿಸುವವರು ಯಾರು? ಈ ಜುಮಾ ಕಳೆದು ಊಟಕ್ಕೆ ಕೂತಾಗ ಮನೆಯವರ ಜೊತೆ ಅರ್ಧ ಗಂಟೆ ಈ ಲೆಕ್ಕ ಮಾತಾಡಿ. ಬರೆಯಲು ಮಕ್ಕಳ ಹಳೆಯ ನೋಟ್ ಪುಸ್ತಕವೇ ಸಾಕು.